ಮೈಕ್ ಸೆಟ್ ಮುನಿರಾಜು ಕೋಡ್ ಓದಲು ಕೂತದ್ದು

ಮುನಿರಾಜುವಿನ ಅಂಗಡಿ ಇರುವುದು ಬಂಗಾರಪೇಟೆಯಲ್ಲಿ, ರೈಲ್ವೆ ಗೇಟಿನಿಂದ ನಾಲ್ಕು ಹೆಜ್ಜೆ ಈಚೆಗೆ. ಮದುವೆ, ನಾಮಕರಣ, ಚುನಾವಣೆ, ಶಾಲೆಯ ವಾರ್ಷಿಕೋತ್ಸವ, ಏನೇ ಇದ್ದರೂ ಸುತ್ತಲಿನ ಹತ್ತಿಪ್ಪತ್ತು ಹಳ್ಳಿಗೆ ಮೈಕ್ ಸೆಟ್ ಹೋಗುವುದು ಅಲ್ಲಿಂದಲೇ. ನಾನು ಅದೇ ಊರಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹದಿನಾರು ವರ್ಷದಿಂದ ನಮ್ಮ ಶಾಲೆಯ ಧ್ವಜಾರೋಹಣಕ್ಕೆ ಮೈಕ್ ಕಟ್ಟುವವನು ಅವನೇ ಆದ್ದರಿಂದ ಅವನನ್ನು ನಾನು ಕರೆಯುವುದು ಏಕವಚನದಲ್ಲಿ. ಅವನಿಗೂ ಅದೇ ಇಷ್ಟ.

ವಯಸ್ಸು ನಲವತ್ಮೂರು. ಎಸ್ಸೆಸ್ಸೆಲ್ಸಿ ಆದಮೇಲೆ ಕೆಜಿಎಫ್‌ನಲ್ಲಿ ಐಟಿಐ ಓದಿದ, ಎಲೆಕ್ಟ್ರಾನಿಕ್ಸ್. ತಂದೆ ದೊಡ್ಡವೆಂಕಟಪ್ಪ ಅಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ನೀರೆತ್ತುವ ಪಂಪುಗಳ ಹತ್ತಿರ ಕೆಲಸಕ್ಕಿದ್ದವರು. ಗಣಿ ನಿಂತಮೇಲೆ ಹಳ್ಳಿಗೆ ಬಂದು ಕೂಲಿಗೆ ಹೋದರು. ಮಗನಿಗೆ ಒಂದು ಚಟ ಚಿಕ್ಕಂದಿನಿಂದಲೂ ಇತ್ತು. ಸದ್ದು ಮಾಡುವ ಯಾವ ಪೆಟ್ಟಿಗೆ ಕಂಡರೂ ಹಿಂದಿನ ಮುಚ್ಚಳ ಬಿಚ್ಚಿ ನೋಡಲೇಬೇಕು. ರೇಡಿಯೊ ಆಯಿತು, ಟೇಪ್ ರೆಕಾರ್ಡರ್ ಆಯಿತು, ಆಂಪ್ಲಿಫೈಯರ್ ಆಯಿತು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಿದ್ದ ಎನ್ನುವುದು ಅವನ ದೊಡ್ಡ ಗುಣ.

ಲಾಕ್‌ಡೌನಿನಲ್ಲಿ ಸಮಾರಂಭಗಳೆಲ್ಲ ನಿಂತುಹೋದವು. ಸ್ಪೀಕರ್ ಬಾಕ್ಸುಗಳಿಗೆ ಪ್ಲಾಸ್ಟಿಕ್ ಹೊದಿಸಿಟ್ಟು ಮುನಿರಾಜು ಮನೆಯಲ್ಲಿ ಕೂತ. ಪಂಚಾಯಿತಿಯವರು ಆಟೋದಲ್ಲಿ ಕೂಗಿಸಲಿಕ್ಕೆ ಜಾಗೃತಿಯ ಮಾತುಗಳನ್ನು ರೆಕಾರ್ಡ್ ಮಾಡಿಕೊಡು ಎಂದಿದ್ದರು. ಅವನ ಹತ್ತಿರ ಒಂದು ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಚಿತವಾಗಿ ಸಿಗುವ ಒಂದು ಧ್ವನಿ ತಿದ್ದುವ ಸಾಫ್ಟ್‌ವೇರ್ ಇತ್ತು. ರೆಕಾರ್ಡಿನ ತುಂಬ ಫ್ಯಾನಿನ ಗೊರಗೊರ. ಸದ್ದು ತೆಗೆಯುವ ಗುಂಡಿ ಒತ್ತಿದ. ಗೊರಗೊರ ಮಾಯವಾಯಿತು, ಮಾತು ಮಾತ್ರ ಉಳಿಯಿತು.

ಆ ಗುಂಡಿಯನ್ನು ಅವನು ಮೊದಲೂ ನೂರು ಸಲ ಒತ್ತಿದ್ದ. ಆದರೆ ಆ ದಿನ ಬಿಡುವಿತ್ತು. ನನಗೆ ಫೋನ್ ಮಾಡಿದ.

"ಮೇಷ್ಟ್ರೇ, ಆ ಸದ್ದು ಎಲ್ಲಿಗೆ ಓಯ್ತು?"

"ಯಾವ ಸದ್ದಪ್ಪಾ?"

"ಫ್ಯಾನಿಂದು. ಮಾತಿನ ಜೊತೆಗೇ ಕಲಸೋಗಿತ್ತು. ಅಕ್ಕಿಯಿಂದ ಕಲ್ಲು ಆಯ್ದಂಗೆ ಆಯ್ದು ಬಿಸಾಕ್ತು. ಅದ್ಯಾರು ಆಯ್ದಿದ್ದು? ಎಂಗೆ ಆಯ್ದಿದ್ದು?"

ನನಗೇನು ಗೊತ್ತು. ನಿಮ್ಮ ಪಕ್ಕದ ಮನೆಯ ಸಿಂಧುವನ್ನು ಕೇಳು ಎಂದೆ. ಸಿಂಧು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಹುಡುಗಿ, ಇಪ್ಪತ್ತಾರು ವರ್ಷ. ಅವಳೂ ಆಗ ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಮಾಡುತ್ತಿದ್ದಳು. ಕಾಂಪೌಂಡ್ ಗೋಡೆಯ ಆಚೆ ಅವಳು, ಈಚೆ ಮುನಿರಾಜು, ಮಧ್ಯದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾತಾಯಿತಂತೆ.

"ಇದು ಓಪನ್ ಸೋರ್ಸ್ ಮಾಮ. ಇದನ್ನ ಮಾಡ್ದೋರು ಒಳಗಡೆ ಏನೇನು ಬರ್ದಿದಾರೋ ಎಲ್ಲಾನೂ ಇಂಟರ್‌ನೆಟ್ಟಲ್ಲಿ ಇಟ್ಟಿದಾರೆ. ಯಾರು ಬೇಕಾದ್ರೂ ಓದ್ಬೋದು."

"ಯಾರು ಬೇಕಾದ್ರೂ ಅಂದ್ರೆ? ನಾನೂವಾ?"

"ನೀವೂನೂ."

ಮುಚ್ಚಳವೇ ಇಲ್ಲದ ಪೆಟ್ಟಿಗೆ! ಮುನಿರಾಜುವಿಗೆ ಆ ಸಂಜೆ ಊಟ ಸೇರಲಿಲ್ಲ ಎಂದು ಅವನ ಹೆಂಡತಿ ಕಲ್ಪನ ಹೇಳುತ್ತಾಳೆ.

ಸಿಂಧು ಆ ಕೋಡನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಟ್ಟಳು. ಸಾವಿರಾರು ಫೈಲುಗಳು. ಮುನಿರಾಜು ಮೊದಲು ತೆಗೆದದ್ದು ಸದ್ದು ತೆಗೆಯುವ ಫೈಲನ್ನೇ. ನಾಲ್ಕು ದಿನ ಅದನ್ನು ದಿಟ್ಟಿಸಿದ. ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಚುಕ್ಕಿ. ಒಂದು ಸಾಲೂ ತಲೆಗೆ ಹತ್ತಲಿಲ್ಲ. ಐದನೆಯ ದಿನ ಗೋಡೆಯ ಹತ್ತಿರ ಬಂದು ಸೋತ ಮುಖ ಮಾಡಿದ.

"ನನ್ ಕೈಲಿ ಆಗಲ್ಲ ಕಣಮ್ಮ."

"ದೊಡ್ಡದಕ್ಕೇ ಯಾಕೆ ಕೈ ಹಾಕ್ತೀರಿ ಮಾಮ? ಆ ಸಾಲಲ್ಲಿ ಎಲ್ಲಕ್ಕಿಂತ ಚಿಕ್ಕ ಫೈಲು ಯಾವುದು ನೋಡಿ. ಅದನ್ನ ಓದಿ."

ಎಲ್ಲಕ್ಕಿಂತ ಚಿಕ್ಕದು ಎಕೋ ಫೈಲು. ಮಾತು ಬೆಟ್ಟಕ್ಕೆ ಬಡಿದು ವಾಪಸ್ ಬಂದಂತೆ ಕೇಳಿಸುವ ಎಫೆಕ್ಟ್. ಅಂಗಡಿಗಳು ತೆರೆಯತೊಡಗಿದ್ದವು, ಮುನಿರಾಜು ಅದನ್ನು ಕಾಗದಕ್ಕೆ ಪ್ರಿಂಟ್ ಹಾಕಿಸಿ ತಂದ. ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಪುಟದ ಮಧ್ಯೆ ಗೆರೆ ಎಳೆದ. ಎಡಗಡೆ ಕೋಡಿನ ಒಂದು ಸಾಲು, ಬಲಗಡೆ ಅದರ ಅರ್ಥ ಕನ್ನಡದಲ್ಲಿ. ಸಿಂಧು ದಿನಕ್ಕೆ ಅರ್ಧ ಗಂಟೆ ಗೋಡೆಯ ಆಚೆಯಿಂದ ಹೇಳಿಕೊಟ್ಟಳು. ಸಮ ಚಿಹ್ನೆ ಬಂದರೆ ಬಲಗಡೆಯದನ್ನು ಎಡಗಡೆಯ ಡಬ್ಬಿಗೆ ಹಾಕು ಎಂದರ್ಥ. ಫಾರ್ ಬಂದರೆ ಮತ್ತೆ ಮತ್ತೆ ಮಾಡು, ಇಫ್ ಬಂದರೆ ಹೀಗಿದ್ದರೆ ಮಾತ್ರ ಮಾಡು. ಚೌಕ ಬ್ರಾಕೆಟ್ ಬಂದರೆ ಅದೊಂದು ಸಂಖ್ಯೆಗಳ ಸಾಲು, ಒಳಗಿರುವುದು ಎಷ್ಟನೆಯ ಮನೆ ಎನ್ನುವ ಗುರುತು.

ಬಲಗಡೆಯ ಭಾಗ ಖಾಲಿ ಖಾಲಿಯಾಗಿಯೇ ಎರಡು ವಾರ ಕಳೆಯಿತು.

ಆಮೇಲೆ ಒಂದು ಬೆಳಿಗ್ಗೆ ನಾನು ಶಾಲೆಯಲ್ಲಿ ಕೂತು ಮಕ್ಕಳಿಗೆ ಹಂಚಬೇಕಾದ ಹಾಳೆಗಳನ್ನು ಜೋಡಿಸುತ್ತಿದ್ದೆ. ಮುನಿರಾಜು ಟಿವಿಎಸ್ ನಿಲ್ಲಿಸಿದವನು ಸ್ಟ್ಯಾಂಡನ್ನೂ ಹಾಕದೆ ಗೋಡೆಗೆ ಒರಗಿಸಿ ಓಡಿಬಂದ. ಮಾಸ್ಕು ಗದ್ದಕ್ಕೆ ಇಳಿದಿತ್ತು.

"ಮೇಷ್ಟ್ರೇ, ಟೇಪು! ಅದು ಟೇಪು!"

"ಯಾವ ಟೇಪು? ಕೂತ್ಕೊಳಯ್ಯ ಮೊದಲು."

ಕೂರಲಿಲ್ಲ. ನನ್ನ ಮೇಜಿನ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ದೊಡ್ಡದೊಂದು ವೃತ್ತ ಬರೆದ. "ನಾನು ಹುಡುಗನಾಗಿದ್ದಾಗ ಆರ್ಕೆಸ್ಟ್ರಾದೋರ ಅತ್ರ ಎಕೋ ಮಷೀನ್ ಇರ್ತಿತ್ತು. ನಾನೇ ಎರಡು ರಿಪೇರಿ ಮಾಡಿವ್ನಿ. ಒಳಗಡೆ ಒಂದು ಟೇಪು, ಎರಡು ತುದೀನೂ ಸೇರಿಸಿ ಅಂಟ್ಸಿರ್ತಾರೆ. ಸುಮ್ಕೆ ಸುತ್ತಾ ಇರ್ತದೆ. ಒಂದು ಕಡೆ ಬರೀತದೆ, ಸುತ್ತಿ ಬಂದಮೇಲೆ ಅದನ್ನೇ ಓದ್ತದೆ, ಸ್ವಲ್ಪ ಕಮ್ಮಿ ಮಾಡಿ ಇನ್ನೊಂದ್ಸಲ ಅದರ ಮೇಲೇ ಬರೀತದೆ. ಇಲ್ಲಿ ನೋಡಿ, ಇಲ್ಲೂ ಅದೇ! ಟೇಪ್ ಬದಲಿಗೆ ಸಂಖ್ಯೆ ಸಾಲು. ಕೊನೇ ಮನೆಗೆ ಬಂದ ತಕ್ಷಣ ಸೊನ್ನೆಗೆ ವಾಪಸ್ ಓಗು ಅಂತ ಬರ್ದವ್ರೆ. ಈ ಡಿಕೇ ಅನ್ನೋದು ನಾವು ತಿರುಗಿಸ್ತಿದ್ದ ವಾಲ್ಯೂಮ್ ಗುಂಡಿ!"

ನೋಟ್‌ಬುಕ್ ತೋರಿಸಿದ. ಬಲಗಡೆ ಪುಟಪೂರ್ತಿ ತುಂಬಿತ್ತು. ಎಂದೂ ಕಂಡಿರದ ದೇಶದವರು ಯಾರೋ ಬರೆದಿಟ್ಟ ಹದಿನಾಲ್ಕು ಸಾಲನ್ನು ಅವನು ಕನ್ನಡದಲ್ಲಿ ತಪ್ಪಿಲ್ಲದೆ ಓದಿ ಹೇಳಿದ. ನನಗೂ ಏನೋ ರೋಮಾಂಚನವಾಗಿ ಎದ್ದು ನಿಂತುಬಿಟ್ಟಿದ್ದೆ.

ಓದುವುದು ಬಂದಮೇಲೆ ತಿದ್ದುವುದರ ಆಸೆ. ಒಂದು ಸಂಖ್ಯೆ ಬದಲಿಸಿದ. ಬದಲಿಸಿದ ಕೋಡನ್ನು ಮತ್ತೆ ನಡೆಯುವ ಸಾಫ್ಟ್‌ವೇರ್ ಆಗಿ ಕಟ್ಟಬೇಕು, ಅದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಮೊದಲ ಸಲ ಪರದೆಯ ತುಂಬ ಕೆಂಪು ಅಕ್ಷರಗಳ ತಪ್ಪುಪಟ್ಟಿ ಬಂತು. ಹನ್ನೊಂದು ದಿನ ಬಂತು. ಹನ್ನೆರಡನೆಯ ದಿನ ಒಂದೂ ಬರಲಿಲ್ಲ. ಅಂಗಡಿಯಲ್ಲಿ ಮೈಕ್ ಹಿಡಿದು "ಕಲ್ಪನಾ" ಎಂದು ಕರೆದನಂತೆ. ಬಾಕ್ಸಿನಿಂದ ಕಲ್ಪನಾ, ಕಲ್ಪನಾ, ಕಲ್ಪನಾ ಎಂದು ಏಳು ಸಲ ಬಂತು. ಅವಳು ಅಂಗಡಿಯ ಹಿಂದೆಯೇ ಇರುವ ಮನೆಯಿಂದ ಓಡಿಬಂದು, "ಒಂದ್ಸಲ ಕರದ್ರೆ ಸಾಲದಾ? ಬೀದಿಯೋರೆಲ್ಲ ನೋಡ್ತಾವ್ರೆ!" ಎಂದು ಬೈದಳು. ಬೈಯುತ್ತಲೇ ನಕ್ಕಳು. ಆಮೇಲೆ ತಾನೂ ಮೈಕ್ ತೆಗೆದುಕೊಂಡು ಅವನ ಹೆಸರು ಕೂಗಿದಳು.

ಎಕೋ ಆದಮೇಲೆ ಫಿಲ್ಟರ್. ಮೊನಚು ಸದ್ದು, ದಪ್ಪ ಸದ್ದು ಬೇರೆ ಮಾಡುವ ಕೋಡು. ಇದನ್ನು ಓದುವಾಗ ಸಿಂಧುವೇ ಹಿಂದೆ ಉಳಿದಳು. ಅವಳಿಗೆ ಕೋಡಿನ ಭಾಷೆ ಗೊತ್ತು, ಸದ್ದು ಗೊತ್ತಿಲ್ಲ. ಇವನು ಇಪ್ಪತ್ತು ವರ್ಷ ಕೆಪಾಸಿಟರ್ ಬದಲಿಸಿ ಬದಲಿಸಿ ಟೋನ್ ಕಂಟ್ರೋಲ್ ಮಾಡಿದವನು. "ಮಾಮ, ಈ ಸಾಲು ಯಾಕೆ?" ಎಂದು ಈಗ ಅವಳು ಕೇಳುವುದು, ಅವನು ಹೇಳುವುದು. ಮತ್ತೆ ಸಮಾರಂಭಗಳು ಶುರುವಾದವು. ಅವನು ಹಗಲು ಮೈಕ್ ಕಟ್ಟುತ್ತಿದ್ದ, ಊಟದ ಸಾಲು ನಡೆಯುವಾಗ ಸದ್ದು ಏರಿಸಿ ಇಳಿಸುವ ಮಿಕ್ಸರ್ ಪಕ್ಕ ಕೂತು ನೋಟ್‌ಬುಕ್ ಬಿಚ್ಚುತ್ತಿದ್ದ.

ಅವನ ಓದಿಗೆ ಒಂದು ಗುರಿ ಸಿಕ್ಕಿದ್ದು ಅದರ ಮುಂದಿನ ವರ್ಷ, ಕೆಜಿಎಫ್‌ನ ನಂದಿದುರ್ಗದಲ್ಲಿ.

ಅಲ್ಲಿ ಹಳೇ ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳವರು ನಲ್ಲಿ ನೀರಿಗಾಗಿ ಒಂದು ಸಭೆ ಕರೆದಿದ್ದರು. ಮನವಿ ಬರೆದುಕೊಟ್ಟವನು ನಾನು, ಮೈಕ್ ಮುನಿರಾಜುವಿನದು. ಸಭೆ ನಡೆದದ್ದು ತಗಡಿನ ಚಾವಣಿಯ ಒಂದು ಹಾಲಿನಲ್ಲಿ. ದ್ಯಾವಮ್ಮ ಎನ್ನುವ ಎಪ್ಪತ್ತು ದಾಟಿದ ಹೆಂಗಸು ಮಾತಾಡಲು ಎದ್ದರು. ಆ ಲೈನಿನಲ್ಲಿ ಐವತ್ತು ವರ್ಷ ನೀರು ಹೊತ್ತವರು ಅವರು. ಆದರೆ ದನಿ ತೀರಾ ಸಣ್ಣದು. ಮುನಿರಾಜು ವಾಲ್ಯೂಮ್ ಏರಿಸಿದ. ಬಾಕ್ಸಿನಿಂದ ಬಂದ ಸದ್ದು ತಗಡಿಗೆ ಬಡಿದು ಮತ್ತೆ ಮೈಕಿಗೇ ಹೊಕ್ಕು, ಮೈಕ್ ಕುಂಯ್ಯೆಂದು ಕೂಗಿಕೊಂಡಿತು. ಇಳಿಸಿದರೆ ಅಜ್ಜಿಯ ಮಾತು ಕೇಳಿಸದು, ಏರಿಸಿದರೆ ಕೂಗು. ಜನ ಕಿವಿ ಮುಚ್ಚಿಕೊಂಡರು, ಹಿಂದಿನ ಸಾಲಿನವರು ನಕ್ಕರು. ದ್ಯಾವಮ್ಮ ತಮ್ಮದೇ ತಪ್ಪು ಎನ್ನುವ ಹಾಗೆ ಸೆರಗನ್ನು ಬಾಯಿಗಿಟ್ಟುಕೊಂಡು ಕೂತುಬಿಟ್ಟರು. ಸಭೆಯನ್ನು ಮುಂದಿನ ತಿಂಗಳಿಗೆ ಹಾಕಿದರು.

ವೈರು ಸುತ್ತುವಾಗ ಮುನಿರಾಜು ನನ್ನ ಮುಖ ನೋಡಲಿಲ್ಲ. "ಆಯಮ್ಮನ ಮಾತು ಕೆಡಿಸಿದ್ದು ನಾನು ಮೇಷ್ಟ್ರೇ" ಎಂದ. ಆಮೇಲೆ ವೈರನ್ನು ಅರ್ಧಕ್ಕೇ ಬಿಟ್ಟು ನಿಂತ. "ಕೂಗೋದು ಒಂದೇ ಒಂದು ಸ್ವರ. ಆ ಒಂದನ್ನ ಮಾತ್ರ ಕತ್ತರಿಸಿದ್ರೆ ಮಿಕ್ಕಿದ್ದೆಲ್ಲ ಅಂಗೇ ಇರ್ತದೆ. ಯಾವ ಸ್ವರ ಅಂತ ನಾನು ಕೈಲಿ ಉಡುಕೋ ಒತ್ತಿಗೆ ಆಯಮ್ಮ ಕೂತ್ಕೊಂಡ್ಲು. ಕಂಪ್ಯೂಟ್ರು ಉಡುಕಿದ್ರೆ?"

ಅವನ ದನಿ ಬದಲಾಗಿತ್ತು. ರೈಲಿಗೆ ಹೊತ್ತಾಗಿದೆ ಎಂದು ನಾನು ಹೊರಟರೆ, ಮಾರಿಕುಪ್ಪಂ ಕಡೆಯಿಂದ ಬರುವ ಗಾಡಿಯವರೆಗೂ ಮಾತಾಡುತ್ತಾ ಬಂದ. ಸಾಮಾನು ತುಂಬಿದ ಟೆಂಪೋ ಹಾಲಿನ ಮುಂದೆಯೇ ನಿಂತಿತ್ತು.

ಮುಂದಿನ ಸಭೆಗೆ ಇದ್ದದ್ದು ಒಂದು ತಿಂಗಳು. ಸಂಗೀತಗಾರರು ಬಳಸುವ ಇನ್ನೊಂದು ಓಪನ್ ಸೋರ್ಸ್ ಪ್ರೋಗ್ರಾಮಿನ ಕೋಡ್ ಇಳಿಸಿಕೊಂಡ. ರೆಕಾರ್ಡ್ ಆದ ಸದ್ದನ್ನು ನಿಧಾನವಾಗಿ ತಿದ್ದಬಹುದು, ಈಗ ಆಡುತ್ತಿರುವ ಮಾತನ್ನು ಈಗಲೇ ತಿದ್ದಿ ಹೊರಗೆ ಕಳಿಸುವುದು ಹೇಗೆ? ಅದರೊಳಗೆ ಒಂದು ಕಡೆ ದೊಡ್ಡಕ್ಷರದಲ್ಲಿ ಎಚ್ಚರಿಕೆ ಬರೆದಿದ್ದರು: ಈ ಜಾಗದಲ್ಲಿ ಯಾವುದಕ್ಕೂ ಕಾಯಬೇಡಿ. ಸಿಂಧು ಅದರ ಅರ್ಥ ಬಿಡಿಸಿ ಹೇಳಲು ಹೊರಟಾಗ ಮುನಿರಾಜು ತಡೆದ. "ಗೊತ್ತಾಯ್ತಮ್ಮ. ಫಂಕ್ಷನ್ ನಡೀವಾಗ ಮಿಕ್ಸರ್ ಬುಟ್ಟು ಟೀ ಕುಡಿಯಾಕೆ ಓಗ್ಬೇಡ ಅಂತ." ಸಿಂಧು ಅದನ್ನು ಮರುದಿನವೇ ತನ್ನ ತರಗತಿಯಲ್ಲಿ ಹೇಳಿದಳಂತೆ.

ಹಾಗೂ ಹೀಗೂ ಒಂದು ಪ್ರೋಗ್ರಾಮ್ ಆಯಿತು. ಕೂಗಿನ ಸ್ವರ ಹುಡುಕುವ ಭಾಗವನ್ನು ಮುನಿರಾಜು ತಾನೇ ಬರೆದ. ಆ ಸ್ವರವೊಂದನ್ನೇ ಕತ್ತರಿಸುವ, ಅಂದರೆ ಅಲ್ಲಿ ತೂತು ಕೊರೆಯುವ ಫಿಲ್ಟರನ್ನು ಉಚಿತವಾಗಿ ಸಿಗುವ ಒಂದು ಚಿಕ್ಕ ಕೋಡಿನಿಂದ ತೆಗೆದುಕೊಂಡ. ಅಂಗಡಿಯಲ್ಲಿ ಬೇಕೆಂದೇ ಮೈಕನ್ನು ಬಾಕ್ಸಿಗೆ ಹಿಡಿದು ಕೂಗಿಸಿದ. ಪ್ರೋಗ್ರಾಮ್ ಸ್ವರವನ್ನೇನೋ ಹಿಡಿಯಿತು, ಕೂಗು ಮಾತ್ರ ನಿಲ್ಲಲಿಲ್ಲ. ಸಿಂಧು ಅವನು ಬರೆದ ಭಾಗವನ್ನು ಮೂರು ಸಲ ನೋಡಿದಳು. ತಪ್ಪಿರಲಿಲ್ಲ.

"ತೂತು ಬೇರೆ ಕಡೆ ಬೀಳ್ತಾ ಐತೆ" ಎಂದ ಮುನಿರಾಜು, ಕಣ್ಣು ಮುಚ್ಚಿಕೊಂಡು ಕೇಳುತ್ತಾ. "ಕೂಗು ಇಲ್ಲೈತೆ. ತೂತು ಒಂಚೂರು ಕೆಳಗೈತೆ."

ಅಳೆದು ನೋಡಿದರು. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಸ್ವರದಲ್ಲಿ ಕೊರೆ ಎಂದರೆ ಒಂಬೈನೂರ ಹತ್ತೊಂಬತ್ತು ಸಲದ್ದರಲ್ಲಿ ಕೊರೆಯುತ್ತಿತ್ತು. ಫಿಲ್ಟರ್ ಕೋಡನ್ನು ಸಾಲು ಸಾಲಾಗಿ ಓದಿಕೊಂಡು ಹೋದ. ಎರಡನೆಯ ಪುಟದಲ್ಲಿ ಸಿಕ್ಕಿತು. ಧ್ವನಿಯನ್ನು ಕಂಪ್ಯೂಟರ್ ಸೆಕೆಂಡಿಗೆ ಇಷ್ಟು ಸಾವಿರ ಸಲ ಅಳೆಯುತ್ತದೆ ಎಂದಿರುತ್ತದೆ. ಮುನಿರಾಜುವಿನ ಹಳೇ ಲ್ಯಾಪ್‌ಟಾಪಿನಲ್ಲಿ ನಲವತ್ನಾಲ್ಕು ಸಾವಿರದ ನೂರು. ಆ ಕೋಡಿನಲ್ಲಿ ಯಾರೋ ನಲವತ್ತೆಂಟು ಸಾವಿರ ಎಂದು ನೇರವಾಗಿ ಬರೆದುಬಿಟ್ಟಿದ್ದರು, ಯಂತ್ರವನ್ನು ಕೇಳುವ ಗೋಜಿಗೇ ಹೋಗದೆ.

"ದೊಡ್ಡೋರೂ ತಪ್ಪು ಮಾಡ್ತಾರಾ?" ಎಂದು ಮುನಿರಾಜು ಬೆರಗಾಗಿ ಕೇಳಿದ.

"ಮಾಡ್ತಾರೆ ಮಾಮ. ನಾವು ಅವ್ರಿಗೆ ಬರೆದು ತಿಳಿಸ್ಬೋದು."

ಆ ಸಾಲು ತಿದ್ದಿದ. ಮೈಕ್ ಹಿಡಿದ. ಕುಂಯ್ ಎಂದು ಶುರುವಾದದ್ದು ಕ್ಷಣದಲ್ಲಿ ಅಡಗಿತು. ಇನ್ನೊಮ್ಮೆ ಹಿಡಿದ, ಇನ್ನೊಮ್ಮೆ ಅಡಗಿತು. ಸಿಂಧು ಚಪ್ಪಾಳೆ ಹೊಡೆದು ಕುಣಿದಳು. ಬರೆದು ತಿಳಿಸುವ ಕೆಲಸವನ್ನೂ ಅವತ್ತೇ ಮಾಡಿದರು. ನಾಲ್ಕು ಸಾಲಿನ ಇಂಗ್ಲಿಷ್ ಸಿಂಧುವಿನದು, ಕೆಳಗಿನ ಹೆಸರು ಮುನಿರಾಜುವಿನದು.

ಸಭೆಗೆ ಮೊದಲು ಎಲ್ಲಾದರೂ ನಿಜವಾಗಿ ಓಡಿಸಿ ನೋಡಬೇಕಲ್ಲ. ಶನಿವಾರದ ಭಜನೆಗೆ ಒಯ್ದ. ಅಲ್ಲಿನ ಹಾಡುಗಾರ ಆಂಜಿನಪ್ಪನವರು ಉಸಿರು ಗಟ್ಟಿ ಇರುವ ಮನುಷ್ಯ. ಕಣ್ಣು ಮುಚ್ಚಿ ಒಂದು ಉದ್ದನೆಯ "ಆ..." ಎಳೆದರು. ಇದು ಕೂಗೇ ಇರಬೇಕು ಎಂದು ಪ್ರೋಗ್ರಾಮ್ ಆ ಸ್ವರವನ್ನು ಕತ್ತರಿಸಿ ಹಾಕಿತು. ಮೂಗಿನಲ್ಲಿ ಹಾಡಿದ ಹಾಗೆ ಕೇಳಿಸಿತು. ಆಂಜಿನಪ್ಪ ಬೇರೆ ಸ್ವರಕ್ಕೆ ಹೋದರು, ಅದನ್ನೂ ಕತ್ತರಿಸಿತು.

"ಏಯ್ ಮುನಿರಾಜ, ಏನ್ಲಾ ಇದು! ನನ್ ಗಂಟ್ಲು ಇಸ್ಕಿದಂಗಾಯ್ತದೆ!"

ಮುನಿರಾಜು ಕೈ ಮುಗಿದು ಲ್ಯಾಪ್‌ಟಾಪಿನ ವೈರು ಕಿತ್ತ. ಆದರೆ ನಾಚಿಕೊಳ್ಳುವುದರ ಬದಲು ಆಂಜಿನಪ್ಪನವರನ್ನು ಭಜನೆ ಮುಗಿದಮೇಲೆ ಹಿಡಿದು ಕೂರಿಸಿ, "ಅಣ್ಣ, ಇನ್ನೊಂದ್ಸಲ ಆ ಅನ್ನಿ" ಎಂದು ಇಪ್ಪತ್ತು ಸಲ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಬಂದ. ಪರದೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಮೈಕಿನ ಕೂಗು ಒಂದೇ ಒಂದು ಗೀಟು. ಆಂಜಿನಪ್ಪನ "ಆ" ಹಾಗಲ್ಲ, ಒಂದರ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಏಣಿಯ ಮೆಟ್ಟಿಲ ಹಾಗೆ ಗೀಟುಗಳು.

ಮತ್ತೆ ಫೋನ್ ಬಂತು ನನಗೆ. "ಮನುಷ್ಯನ ಗಂಟ್ಲಿಂದ ಸ್ವರ ಒಂಟಿಯಾಗಿ ಬರಲ್ಲ ಮೇಷ್ಟ್ರೇ, ಸಂಸಾರ ಸಮೇತ ಬತ್ತದೆ! ಒಂಟಿಯಾಗಿ ಬಂದ್ರೆ ಮಾತ್ರ ಕತ್ತರಿಸು ಅಂತ ಬರೀತೀನಿ." ಆರು ಸಾಲು ಸೇರಿಸಿದ. ಅಷ್ಟರಲ್ಲಿ ಸಭೆಗೆ ಎರಡು ದಿನ ಉಳಿದಿತ್ತು.

ಅದೇ ತಗಡಿನ ಹಾಲು. ಈ ಸಲ ಅಧಿಕಾರಿಯೊಬ್ಬರೂ ಬಂದಿದ್ದರು. ದ್ಯಾವಮ್ಮ ಬಂದಿದ್ದರು, ಆದರೆ ಮಾತಾಡಲ್ಲ ಎಂದು ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಮುನಿರಾಜು ಅವರ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತ.

"ಅಮ್ಮ, ಇವತ್ತು ಕೂಗಲ್ಲ. ಕೂಗಿದ್ರೆ ನಾನು ಈ ಕಸುಬೇ ಬುಟ್ಬುಡ್ತೀನಿ."

"ಬ್ಯಾಡ ನಾಯ್ನಾ, ಅಂಗೆಲ್ಲ ಅನ್ಬಾರ್ದು" ಎಂದು ಅಜ್ಜಿಯೇ ಅವನಿಗೆ ಸಮಾಧಾನ ಹೇಳಿ ಎದ್ದರು.

ನಾನು ಮಿಕ್ಸರ್ ಹತ್ತಿರವೇ ನಿಂತಿದ್ದೆ. ಮುನಿರಾಜು ವಾಲ್ಯೂಮನ್ನು ಮೆಲ್ಲಗೆ ಏರಿಸಿದ. ಹೋದ ಸಲ ಕೂಗಿದ ಗುರುತು ದಾಟಿತು. ಪರದೆಯ ಮೇಲೆ ಒಂದು ಗೀಟು ಎದ್ದಿತು, ಪ್ರೋಗ್ರಾಮ್ ಅದನ್ನು ಮುರಿದು ಹಾಕಿತು. ಇನ್ನೊಂದು ಎದ್ದಿತು, ಅದನ್ನೂ ಮುರಿಯಿತು. ಕೇಳುವವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ದ್ಯಾವಮ್ಮನವರ ದನಿ ಮಾತ್ರ. ಸಣ್ಣದೇ, ಆದರೆ ಹಾಲಿನ ಮೂಲೆಮೂಲೆಗೆ. ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿಕೊಂಡು ಅವರು ಹನ್ನೆರಡು ನಿಮಿಷ ಮಾತಾಡಿದರು. ಯಾವ ವರ್ಷ ಯಾವ ನಲ್ಲಿ ನಿಂತಿತು, ಮೊದಲ ಬಾಣಂತನದ ಒಂಬತ್ತನೇ ದಿನ ಎಲ್ಲಿಂದ ಕೊಡ ಹೊತ್ತು ತಂದೆ, ಎಲ್ಲ ಹೇಳಿದರು. ಒಬ್ಬರೂ ಕೆಮ್ಮಲಿಲ್ಲ. ಅಧಿಕಾರಿ ಬರೆದುಕೊಳ್ಳುತ್ತಿದ್ದರು. ಮುಗಿದಾಗ ಆದ ಚಪ್ಪಾಳೆಗೆ ತಗಡು ಗಡಗಡ ಎಂದಿತು. ಮುನಿರಾಜು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಮರುದಿನವೂ ನೋವಿತ್ತು. ಎರಡು ತಿಂಗಳಿಗೆ ಆ ಲೈನಿಗೆ ಹೊಸ ಪೈಪು ಬಂತು.

ಬರೆದು ತಿಳಿಸಿದ್ದಕ್ಕೆ ಉತ್ತರ ಬಂದದ್ದು ಸಭೆಯ ಮುಂದಿನ ವಾರ. ಫಿಲ್ಟರ್ ಬರೆದವರು, ಮೂರು ವರ್ಷದಿಂದ ಯಾರಿಗೂ ಕಾಣದ ತಪ್ಪು ಇದು, ಹೇಗೆ ಕಂಡಿರಿ ಎಂದು ಕೇಳಿದ್ದರು. ಕಿವಿಯಿಂದ ಎಂದು ಬರೆ ಅಂದನಂತೆ ಮುನಿರಾಜು. ಸಿಂಧು ಹಾಗೆಯೇ ಬರೆದಳು. ಅವನು ತಿದ್ದಿದ ಸಾಲನ್ನು ಅವರು ತಮ್ಮ ಕೋಡಿಗೆ ಸೇರಿಸಿಕೊಂಡರು. ನೆರವಾದವರ ಪಟ್ಟಿಯಲ್ಲಿ ಇಪ್ಪತ್ತೇಳನೆಯ ಹೆಸರು ಮುನಿರಾಜು, ಬಂಗಾರಪೇಟೆ. ಕಲ್ಪನ ಆ ಪುಟವನ್ನು ಫೋನಿನಲ್ಲಿ ಇಟ್ಟುಕೊಂಡು ತವರಿನವರಿಗೆಲ್ಲ ತೋರಿಸಿದಳು.

ತನ್ನ ಪ್ರೋಗ್ರಾಮನ್ನೂ ಮುನಿರಾಜು ಹಾಗೆಯೇ ಎಲ್ಲರೂ ಓದುವಂತೆ ಇಂಟರ್‌ನೆಟ್ಟಿನಲ್ಲಿ ಇಟ್ಟ. ಸಾಲಿನ ಪಕ್ಕದ ವಿವರಣೆಗಳೆಲ್ಲ ಕನ್ನಡದಲ್ಲಿ, ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ. ಒಂದು ವರ್ಷ ಯಾರೂ ಸುಳಿಯಲಿಲ್ಲ. ಹೋದ ತಿಂಗಳು ಮುಳಬಾಗಿಲಿನಿಂದ ಸುಮಿತಾ ಎನ್ನುವ ಹೆಣ್ಣುಮಗಳು ಫೋನ್ ಮಾಡಿದಳು. ಗಂಡ ಹೆಂಡತಿ ಇಬ್ಬರೂ ಸೇರಿ ಮೈಕ್ ಸೆಟ್ ನಡೆಸುವವರು.

"ಸಾ, ನಿಮ್ಮ ಪ್ರೋಗ್ರಾಮ್ ಐದು ಗಂಟೆ ಓಡಿದ್ಮೇಲೆ ನಿಂತೋಯ್ತದೆ. ಯಾಕೆ ಅಂತ ನಾನು ಓದ್ದೆ. ನೀವು ಹನ್ನೆರಡು ತೂತಿಗೆ ಮಾತ್ರ ಜಾಗ ಇಟ್ಟಿದೀರ. ಹದಿಮೂರನೇದು ಬಂದ್ರೆ ಎಲ್ಲಿಗೆ ಓಗ್ಬೇಕು?"

ಅವಳ ಮಾತು ಮುಗಿದ ಮರುಗಳಿಗೆ ನನಗೆ ಫೋನ್ ಬಂತು. ತಪ್ಪು ಸಿಕ್ಕಿದ್ದಕ್ಕೆ ಬೇಜಾರಾಗಿದೆಯೇನೋ ಎಂದುಕೊಂಡೆ.

"ಓದವ್ಳೆ ಮೇಷ್ಟ್ರೇ! ನಾನು ಬರ್ದಿದ್ದನ್ನ ಒಬ್ಳು ಪೂರ್ತಿ ಓದವ್ಳೆ! ಭಾನುವಾರ ಗಂಡನ್ನ ಕರ್ಕೊಂಡು ಬತ್ತಾವ್ಳೆ, ಕೂತು ಸರಿ ಮಾಡ್ತೀವಿ. ನೀವೂ ಬಂದ್ಬುಡಿ."

ಹೋಗಿದ್ದೆ. ಸುಮಿತಾ, ಸಿಂಧು, ಮುನಿರಾಜು ಮೂವರೂ ಬಾಕ್ಸುಗಳ ಮೇಲೆ ಕೂತು ಒಂದೇ ಪರದೆಗೆ ಬಗ್ಗಿದ್ದರು. ಅತ್ಯಂತ ಹಳೆಯ ತೂತನ್ನು ಮುಚ್ಚಿ ಆ ಜಾಗವನ್ನು ಹೊಸದಕ್ಕೆ ಕೊಡೋಣ ಎಂದು ಸುಮಿತಾ, ಬೇಡ, ಎಲ್ಲಕ್ಕಿಂತ ಕಮ್ಮಿ ಕೂಗಿದ್ದನ್ನು ಮುಚ್ಚೋಣ ಎಂದು ಮುನಿರಾಜು. ಜಗಳ ಜೋರಾಗಿಯೇ ನಡೆದಿತ್ತು. ಕಲ್ಪನ ನನಗೂ ಸುಮಿತಾಳ ಗಂಡನಿಗೂ ಟೀ ತಂದುಕೊಟ್ಟಳು. ಕೊನೆಗೆ ಎರಡನ್ನೂ ಬರೆದು, ಕೂಗಿಸಿ ನೋಡಿ, ಸುಮಿತಾ ಹೇಳಿದ್ದೇ ಸರಿ ಎಂದು ಮುನಿರಾಜು ಒಪ್ಪಿಕೊಂಡ. ನೆರವಾದವರ ಪಟ್ಟಿ ಎಂದು ಒಂದು ಹೊಸ ಫೈಲು ತೆರೆದು, ಅವಳ ಹೆಸರನ್ನು ಅವಳ ಕೈಯಿಂದಲೇ ಟೈಪ್ ಮಾಡಿಸಿದ.